ಬದಲಿಗೆ ಕೂತವಳು

ಗೌರಿಬಿದನೂರು
14-6-1986

ಪ್ರೀತಿಯ ಖುರ್ಷಿದ್,

ಹೆಡ್‌ಮಾಸ್ಟರ್ ರಾಮಾಂಜಿನಪ್ಪನವರ ಕಾಗದ ಬಂದಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದವರು ಶಾಲೆಗೆಲ್ಲ ಇಬ್ಬರೇ, ಅದರಲ್ಲಿ ನೀನೊಬ್ಬಳು ಎಂದು ಬರೆದಿದ್ದಾರೆ. ವರ್ಗವಾಗಿ ಇಲ್ಲಿಗೆ ಬಂದ ಮೇಲೆ ಶಿಡ್ಲಘಟ್ಟದಿಂದ ಸಿಕ್ಕ ಒಳ್ಳೆಯ ಸುದ್ದಿ ಇದೊಂದೇ. ನಿನ್ನ ಕಾಗದವೂ ತಲುಪಿತು. ಅಲ್ಪಪ್ರಾಣ ಮಹಾಪ್ರಾಣಗಳು ಇನ್ನೂ ಜಗಳವಾಡುತ್ತಿವೆ, ಇರಲಿ.

ಮೆಡಿಕಲ್ ಅಸಿಸ್ಟೆಂಟ್ ಕೋರ್ಸಿಗೆ ಸೇರಲೇ ಎಂದು ಕೇಳಿದ್ದೀಯ. ನೀನು ಕಳಿಸಿದ ಬಣ್ಣದ ಜಾಹೀರಾತು ಓದಿದೆ. ಬೆಂಗಳೂರಿನ ಆ ಸಂಸ್ಥೆಯವರು ಒಂದು ವರ್ಷಕ್ಕೆ ನಾಲ್ಕೂವರೆ ಸಾವಿರ ಕೇಳುತ್ತಾರೆ, ಹಾಸ್ಟೆಲ್ಲು, ಊಟ ಬೇರೆ. ಮುಗಿಸಿದವರಿಗೆ ನರ್ಸಿಂಗ್ ಹೋಮುಗಳಲ್ಲಿ ಸಿಗುವುದು ಮುನ್ನೂರು. ಉಂಡು ಉಟ್ಟು ತಿಂಗಳಿಗೆ ಐವತ್ತು ಉಳಿಸಿದರೂ ಹಾಕಿದ ದುಡ್ಡು ಹಿಂದಿರುಗುವ ಹೊತ್ತಿಗೆ ನಿನಗೆ ಇಪ್ಪತ್ತೈದಾಗಿರುತ್ತದೆ.

ಸರ್ಕಾರದ ಆರೋಗ್ಯ ಸಹಾಯಕಿ ತರಬೇತಿ ಇದೆ. ಒಂದೂವರೆ ವರ್ಷ. ಫೀಸಿಲ್ಲ, ಕಲಿಯುವಾಗಲೂ ತಿಂಗಳಿಗಿಷ್ಟು ಎಂದು ಅವರೇ ಕೊಡುತ್ತಾರೆ. ನೇಮಕವಾದರೆ ಎಲ್ಲ ಸೇರಿ ಒಂಬೈನೂರು, ಕೊನೆಗೆ ಪಿಂಚಣಿ. ಆದರೆ ಹದಿನೇಳು ತುಂಬಿರಬೇಕು, ನಿನಗಿನ್ನೂ ಹದಿನಾರು. ನನ್ನ ಮಾತು ಕೇಳುವುದಾದರೆ ಕಾಯಿ. ಒಂದು ವರ್ಷವೇನು ದೊಡ್ಡದಲ್ಲ ಕಣೇ. ಅಷ್ಟರಲ್ಲಿ ಟೈಪಿಂಗ್ ಕಲಿ, ಲೈಬ್ರರಿಗೆ ಹೋಗು, ನಾಲ್ಕು ಒಳ್ಳೆಯ ಪದ್ಯ ಬಾಯಿಪಾಠ ಮಾಡು.

ನಿನ್ನ ಟೀಚರ್,
ಶ್ಯಾಮಲಮ್ಮ


ಶಿಡ್ಲಘಟ್ಟ
2-7-1986

ಪೂಜ್ಯ ಟೀಚರ್ ಅವರಿಗೆ, ಖುರ್ಷಿದ್ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅಬ್ಬಾಗೆ ಓದಿ ಹೇಳಿದೆ. ಒಂಬೈನೂರು ಅಂದಾಗ ಎದ್ದು ಕೂತರು, ಒಂದು ವರ್ಷ ಅಂದಾಗ ಮತ್ತೆ ಮಲಗಿದರು. ಅವರಿಗೆ ಕೆಮ್ಮು ಜಾಸ್ತಿಯಾಗಿದೆ.

ನಮಗೆ ಬೇರೆ ದಾರಿ ಸಿಕ್ಕಿದೆ ಟೀಚರ್. ಚಿಂತಾಮಣಿಯಲ್ಲಿರುವ ನಮ್ಮ ಖಾಲಾ, ಅಂದರೆ ಅಮ್ಮಿಯ ತಂಗಿ, ಅಲ್ಲಿಯ ಒಬ್ಬ ಡಾಕ್ಟರ ನರ್ಸಿಂಗ್ ಹೋಮಿನಲ್ಲಿ ಕೇಳಿಕೊಂಡು ಬಂದಿದ್ದಾರೆ. ಎರಡು ವರ್ಷ ಅವರೇ ಕಲಿಸುತ್ತಾರೆ. ಊಟ, ಇರಲು ಜಾಗ, ತಿಂಗಳಿಗೆ ನೂರು ರೂಪಾಯಿ. ಆಮೇಲೆ ಐದು ವರ್ಷ ಅಲ್ಲಿಯೇ ಕೆಲಸ ಮಾಡಬೇಕು. ಸರ್ಟಿಫಿಕೇಟ್ ಕೊಡುತ್ತಾರಂತೆ. ನನ್ನ ಅಂಕಪಟ್ಟಿಯನ್ನು ತಮ್ಮ ಹತ್ತಿರ ಇಟ್ಟುಕೊಂಡಿದ್ದಾರೆ.

ಅಬ್ಬಾ, "ಓದಿಸ್ತಾರೆ, ಮೇಲೆ ಊಟಾನೂ ಹಾಕ್ತಾರೆ! ಕಾಲ ಎಲ್ಲಿಗೆ ಬಂತು ನೋಡು" ಎಂದರು. ಅಮ್ಮಿ ಮಾತ್ರ, "ಕೋಳಿ ಕುಯ್ಯೋವಾಗ ಕಣ್ಣು ಮುಚ್ಕೊಂಡು ಓಡೋಳು, ಇವಳು ಆಪರೇಷನ್ ಮಾಡಿಸ್ತಾಳಂತೆ" ಎಂದು ನಕ್ಕಳು. ನನ್ನ ತಂಗಿ ಬಾನುವಿಗೆ ಈಗ ಒಂಬತ್ತು. ನಾನು ಹೋಗುವ ಮೊದಲೇ ನನ್ನ ಪುಸ್ತಕಗಳನ್ನೆಲ್ಲ ತನ್ನ ಟ್ರಂಕಿಗೆ ಸೇರಿಸಿಕೊಂಡು ಬೀಗ ಹಾಕಿದ್ದಾಳೆ.

ಕಾಯಲು ಆಗುವುದಿಲ್ಲ ಟೀಚರ್. ಕ್ಷಮಿಸಿ.

ಖುರ್ಷಿದ್


ಗೌರಿಬಿದನೂರು
9-7-1986

ಖುರ್ಷಿದ್,

ಅಸಲು ಅಂಕಪಟ್ಟಿಯನ್ನು ಯಾರಾದರೂ ಕೈಬಿಟ್ಟು ಕೊಡುತ್ತಾರೆಯೇ? ಐದು ವರ್ಷ ಎಂದರೆ ಏನೆಂದು ಯೋಚಿಸಿದ್ದೀಯ? ನಿನಗೆ ಇಷ್ಟು ಅವಸರವಿದೆಯೆಂದು ನನಗೆ ತಿಳಿದಿರಲಿಲ್ಲ. ಬಿಳಿ ಬಟ್ಟೆ ಹಾಕಿಕೊಳ್ಳುವ ಆಸೆ ಎಲ್ಲ ಹುಡುಗಿಯರಿಗೂ ಇರುತ್ತದೆ.

ಆದದ್ದು ಆಯಿತು. ಚೆನ್ನಾಗಿ ಕಲಿ.

ಶ್ಯಾಮಲಮ್ಮ


ಚಿಂತಾಮಣಿ
20-11-1988

ಪೂಜ್ಯ ಟೀಚರ್ ಅವರಿಗೆ ನಮಸ್ಕಾರಗಳು.

ಎರಡು ವರ್ಷ ಬರೆಯಲಿಲ್ಲ. ಕೋಪ ಮಾಡಿಕೊಳ್ಳಬೇಡಿ, ಇಲ್ಲಿ ಹಗಲು ರಾತ್ರಿ ಎನ್ನುವುದಿಲ್ಲ.

ನನಗೆ ಸರ್ಟಿಫಿಕೇಟ್ ಬಂತು. ಡಾಕ್ಟರು ತಮ್ಮ ನರ್ಸಿಂಗ್ ಹೋಮಿನ ಹೆಸರಿರುವ ಕಾಗದದಲ್ಲಿ ಟೈಪ್ ಮಾಡಿಸಿ ಸಹಿ ಹಾಕಿದ್ದಾರೆ. ಸರ್ಕಾರದ ಮುದ್ರೆ ಇಲ್ಲ. ನಮ್ಮ ಆಯಾ ಓಬಳಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏಮ್ಮಾ ಸಿಸ್ಟರಮ್ಮಾ, ಕಟ್ಟು ಹಾಕಿಸಿ ಗೋಡೆಗೆ ನೇತಾಕು. ಇಲ್ಲಿ ಬಿಟ್ರೆ ಅದನ್ನ ಇನ್ಯಾರು ನೋಡ್ತಾರೆ?" ಎಂದಳು. ನಾನೂ ನಕ್ಕೆ.

ಎಲ್ಲರೂ ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. ಸೂಜಿ ಹಾಕುತ್ತೇನೆ, ಡ್ರಿಪ್ ಹಾಕುತ್ತೇನೆ, ಹೆರಿಗೆಗೆ ನಿಲ್ಲುತ್ತೇನೆ. ಓಬಳಮ್ಮ ರಜೆ ಹಾಕಿದ ದಿನ ನೆಲವನ್ನೂ ಒರೆಸುತ್ತೇನೆ. ಈಗ ತಿಂಗಳಿಗೆ ನೂರೈವತ್ತು ಕೊಡುತ್ತಾರೆ. ಬಾನು ಐದನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ತೊಂಬತ್ತೆಂಟು ತೆಗೆದಿದ್ದಳಂತೆ. ನಾನು ಸಂತೋಷವಾಗಿದ್ದೇನೆ.

ಖುರ್ಷಿದ್


ಗೌರಿಬಿದನೂರು
5-7-1989

ಪ್ರೀತಿಯ ಖುರ್ಷಿದ್,

ಆರೋಗ್ಯ ಸಹಾಯಕಿ ತರಬೇತಿಗೆ ಅರ್ಜಿ ಕರೆದಿದ್ದಾರೆ. ಪೇಪರಿನಿಂದ ಕತ್ತರಿಸಿ ಇದರ ಜೊತೆಯಲ್ಲಿಟ್ಟಿದ್ದೇನೆ. ನಿನಗೀಗ ವಯಸ್ಸೂ ಇದೆ, ಅನುಭವವೂ ಇದೆ. ಸಂಬಳ ಪರಿಷ್ಕರಣೆಯಾದ ಮೇಲೆ ಸಾವಿರ ದಾಟಿದೆಯಂತೆ. ನೂರೈವತ್ತಕ್ಕೂ ಸಾವಿರಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕದ ಮೇಡಂ ಹೇಳಬೇಕಾಗಿಲ್ಲ, ಕನ್ನಡದವಳಾದ ನಾನೇ ಹೇಳಬಲ್ಲೆ. ಅಂಕಪಟ್ಟಿ ಬಿಡಿಸಿಕೊಂಡು ಬಂದು ಅರ್ಜಿ ಹಾಕು. ಪ್ರಯಾಣದ ಖರ್ಚು ನನ್ನದು.

ಶ್ಯಾಮಲಮ್ಮ


ಚಿಂತಾಮಣಿ
20-7-1989

ಪೂಜ್ಯ ಟೀಚರ್ ಅವರಿಗೆ,

ನಿಮ್ಮ ಕಾಗದವನ್ನು ಬಹಳ ಸಲ ಓದಿದೆ. ಈ ವರ್ಷ ಆಗುವುದಿಲ್ಲ. ಮನೆಯವರಿಗೆ ಇಷ್ಟವಿಲ್ಲ. ನಿಮ್ಮ ಋಣ ದೊಡ್ಡದು.

ಖುರ್ಷಿದ್


ಗೌರಿಬಿದನೂರು
1-8-1989

ಖುರ್ಷಿದ್,

ಮನೆಯವರಿಗೆ ಇಷ್ಟವಿಲ್ಲ ಎಂದರೆ ನನಗೆ ಅರ್ಥವಾಗುತ್ತದೆ. ಹುಡುಗ ಯಾರು? ಮದುವೆ ಯಾವಾಗ? ನಿಮ್ಮವರಲ್ಲಿ ಹುಡುಗಿ ಇಪ್ಪತ್ತು ಮುಟ್ಟುವಷ್ಟರಲ್ಲಿ ಇದೇ ಆಗುತ್ತದೆಂದು ನನ್ನ ಸಹೋದ್ಯೋಗಿಗಳು ಹೇಳುತ್ತಲೇ ಇದ್ದರು. ಖುರ್ಷಿದ್ ಹಾಗಲ್ಲ ಎಂದು ವಾದಿಸಿದವಳು ನಾನು. ಸ್ಟಾಫ್ ರೂಮಿನಲ್ಲಿ ಇವತ್ತು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಶ್ಯಾಮಲಮ್ಮ


ಚಿಂತಾಮಣಿ
11-3-1990

ಟೀಚರ್ ಅವರಿಗೆ,

ಏಳು ತಿಂಗಳು ನಿಮಗೆ ಉತ್ತರ ಬರೆಯುವುದು ಬೇಡವೆಂದೇ ಇದ್ದೆ. ನನಗೆ ಯಾರೂ ಹುಡುಗನನ್ನು ನೋಡಿಲ್ಲ. ಒಂದು ಸಲ ಪೂರ್ತಿ ಹೇಳಿಬಿಡುತ್ತೇನೆ.

ಅಬ್ಬಾ ಶಿಡ್ಲಘಟ್ಟದಲ್ಲಿ ಸಾದಿಕ್ ಪಾಷಾ ಅವರ ಹತ್ತಿರ ರೇಷ್ಮೆ ಬಿಚ್ಚುತ್ತಿದ್ದರು. ಗೂಡು ಬೇಯುವ ಬಾಣಲೆಯ ಮುಂದೆ ಇಪ್ಪತ್ತು ವರ್ಷ. ಆ ಹಬೆಗೆ ಎದೆ ಹಿಡಿದು ಕೆಮ್ಮು ಬಂತು. ಅವರು ಎರಡು ಸಾವಿರ ಮುಂಗಡ ತೆಗೆದುಕೊಂಡಿದ್ದರು. ನಮ್ಮಲ್ಲಿ ಮುಂಗಡ ತೆಗೆದುಕೊಂಡವರು ಕೆಲಸಕ್ಕೆ ಬರಲಾಗದಿದ್ದರೆ ಅದೇ ಮನೆಯ ಇನ್ನೊಬ್ಬರು ಅವರ ಬದಲಿಗೆ ಕೂರಬೇಕು. ನಮ್ಮಲ್ಲಿ ಎಂದರೆ ಸಾಬರಲ್ಲಿ ಎಂದಲ್ಲ ಟೀಚರ್, ರೇಷ್ಮೆ ಬಿಚ್ಚುವವರಲ್ಲಿ. ಪಕ್ಕದ ಮನೆ ಗಂಗುಲಮ್ಮನ ಮಗಳೂ ತನ್ನ ಅಪ್ಪನ ಬದಲಿಗೆ ಕೂತಿದ್ದಾಳೆ. ಇದಕ್ಕೆ ಕಾಗದ ಪತ್ರ ಏನೂ ಇಲ್ಲ. ಮಾತು, ಅಷ್ಟೇ.

ನಾನು ಫಸ್ಟ್ ಕ್ಲಾಸು ಬಂದ ತಿಂಗಳೇ ಅಬ್ಬಾ ಮಲಗಿದರು. ಸಾದಿಕ್ ಪಾಷಾ ಕೆಟ್ಟವರಲ್ಲ. ಮನೆಗೆ ಬಂದು ಟೀ ಕುಡಿದು, "ದೊಡ್ಡೋಳು ಓದಿದಾಳೆ, ಅವಳು ಬೇಡ. ಚಿಕ್ಕೋಳು ಬರ್ಲಿ, ಬೆರಳು ಸಣ್ಣಗಿದಾವೆ, ಎಳೆ ಚೆನ್ನಾಗಿ ಹಿಡೀತಾಳೆ" ಎಂದರು. ಬಾನು ಬಾಗಿಲ ಹಿಂದೆ ನಿಂತು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

ಚಿಂತಾಮಣಿಯ ಡಾಕ್ಟರು ಎರಡು ಸಾವಿರ ಮೊದಲೇ ಕೊಡುತ್ತೇನೆಂದರು. ಅದನ್ನು ತಂದು ಸಾದಿಕ್ ಪಾಷಾ ಅವರಿಗೆ ಕೊಟ್ಟೆವು. ಬಾನು ಶಾಲೆಗೆ ಹೋದಳು. ನೀವು ಕಾಯಿ ಎಂದಿರಿ. ನನಗೆ ಕಾಯಲು ಒಂದು ವಾರವೂ ಇರಲಿಲ್ಲ.

ಈಗ ನಾನು ಡಾಕ್ಟರ ಮುಂಗಡದಲ್ಲಿದ್ದೇನೆ. ಏಳು ವರ್ಷ ಮುಗಿಯುವವರೆಗೆ ಬಿಟ್ಟು ಬರುವ ಹಾಗಿಲ್ಲ. ಅಬ್ಬಾ ಮಾತು ಕೊಟ್ಟಿದ್ದಾರೆ. ಅದನ್ನೇ ಮನೆಯವರಿಗೆ ಇಷ್ಟವಿಲ್ಲ ಎಂದು ಬರೆದೆ.

ಖುರ್ಷಿದ್


ಗೌರಿಬಿದನೂರು
2-4-1990

ನನ್ನ ಪ್ರೀತಿಯ ಖುರ್ಷಿದ್,

‘ನಿಮ್ಮವರಲ್ಲಿ’ ಎಂದು ನಾನು ಬರೆದ ಆ ಒಂದು ಮಾತನ್ನು ನಿನ್ನ ಕಾಗದ ಎಷ್ಟು ಮೆತ್ತಗೆ ಹಿಂದಿರುಗಿಸಿದೆ! ನಾಲ್ಕು ದಿನ ಅನ್ನ ಸೇರಲಿಲ್ಲ.

ಆದರೆ ಅಳುತ್ತ ಕೂರುವವಳಲ್ಲ ನಾನು. ಇಲ್ಲಿಯ ವಕೀಲ ಚನ್ನಕೇಶವ ಅವರನ್ನು ಕಂಡು ಎಲ್ಲ ಹೇಳಿದೆ. ಅವರು ಹೇಳಿದ್ದಿಷ್ಟು: ಹದಿನಾರು ವರ್ಷದ ಹುಡುಗಿಯ ಮೇಲೆ ಮಾಡಿಕೊಂಡ ಬಾಯಿಮಾತಿನ ಕರಾರಿಗೆ ಕಾನೂನಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಅಂಕಪಟ್ಟಿ ಇಟ್ಟುಕೊಳ್ಳುವ ಅಧಿಕಾರವೂ ಆ ಡಾಕ್ಟರಿಗಿಲ್ಲ. ಇನ್ನು ಹಣದ ಮಾತು. ಮುನ್ನೂರು ಕೊಡಬೇಕಾದ ಕೆಲಸಕ್ಕೆ ನೂರು, ನೂರೈವತ್ತು ಕೊಟ್ಟಿದ್ದಾರೆ. ಕಲಿಕೆಯ ಎರಡು ವರ್ಷ ಬಿಟ್ಟು ಲೆಕ್ಕ ಹಾಕಿದರೂ ಅವರ ಎರಡು ಸಾವಿರ ತೀರಿ ಅವರೇ ನಿನಗೆ ಕೊಡಬೇಕಾಗುತ್ತದೆ. ನೀನು ಯಾರಿಗೂ ಏನೂ ಬಾಕಿಯಿಲ್ಲ.

ಅಂಕಪಟ್ಟಿಗೆ ನಕಲು ಸಿಗುತ್ತದೆ. ರಾಮಾಂಜಿನಪ್ಪನವರಿಂದ ಅರ್ಜಿ ಹಾಕಿಸಿದ್ದೇನೆ. ಚಿಕ್ಕಬಳ್ಳಾಪುರದಲ್ಲಿ ತರಬೇತಿಗೆ ಮತ್ತೆ ಕರೆಯುತ್ತಾರಂತೆ. ಕರೆದ ದಿನ ನಿನ್ನ ಬಟ್ಟೆ ತೆಗೆದುಕೊಂಡು ಹೊರಟು ಬಾ. ಹೆದರಬೇಡ. ಬೀದಿಯಲ್ಲಿ ನಾಲ್ಕು ಜನ ನಾಲ್ಕು ದಿನ ಆಡಿಕೊಳ್ಳುತ್ತಾರೆ, ಆಮೇಲೆ ಮರೆಯುತ್ತಾರೆ.

ನಿನ್ನ ಟೀಚರ್


ಚಿಕ್ಕಬಳ್ಳಾಪುರ, ತರಬೇತಿ ಹಾಸ್ಟೆಲ್
6-12-1990

ಪೂಜ್ಯ ಟೀಚರ್ ಅವರಿಗೆ ಖುರ್ಷಿದ್ ಮಾಡುವ ನಮಸ್ಕಾರಗಳು.

ಸೇರಿ ಮೂರು ತಿಂಗಳಾಯಿತು. ಬರುವಾಗ ಓಬಳಮ್ಮ ಒಬ್ಬಳಿಗೇ ಹೇಳಿ ಬಂದೆ. ಅವಳು, "ಪೋಮ್ಮಾ, ಪೋ. ನಾನು ನೋಡೇ ಇಲ್ಲ" ಎಂದು ಗೋಡೆಯ ಕಡೆ ತಿರುಗಿಕೊಂಡಳು.

ಇಲ್ಲಿ ಇಪ್ಪತ್ತೆರಡು ಜನ ಹುಡುಗಿಯರಿದ್ದೇವೆ. ಮೊನ್ನೆ ಪಾಠ ಮಾಡುವ ಸಿಸ್ಟರ್, "ಮಗು ಅಡ್ಡ ಬಂದಿದ್ರೆ ಏನ್ ಮಾಡ್ತೀರಮ್ಮ?" ಎಂದು ಕೇಳಿದರು. ಎಲ್ಲರೂ ಪುಸ್ತಕ ತಿರುವುತ್ತಿದ್ದಾಗ ನಾನು ಎದ್ದು ಹೇಳಿದೆ. "ಎಲ್ಲಿ ಕಲಿತೆ?" ಎಂದರು. ಹೇಳಲಿಲ್ಲ. ಬಂದ ಮೇಲೆ ಮೊದಲ ಸಲ ರಾತ್ರಿಯೆಲ್ಲ ನಿದ್ದೆ ಮಾಡಿದೆ ಟೀಚರ್. ನನ್ನನ್ನು ಯಾರೂ ಎಬ್ಬಿಸಲಿಲ್ಲ.

ನಮಗೆ ಬರಬೇಕಾದ ಹಣ ಇನ್ನೂ ಬಂದಿಲ್ಲ, ತಡವಾಗುತ್ತದಂತೆ. ಮೆಸ್ಸಿಗೆ ಕಟ್ಟಬೇಕಲ್ಲ ಎಂದು ಹೆದರಿದ್ದೆ. ಅಬ್ಬಾ ಹೋದ ತಿಂಗಳಿಂದ ನೂರೈವತ್ತು ಮನಿಯಾರ್ಡರ್ ಮಾಡುತ್ತಿದ್ದಾರೆ! ನಾನು ಹೇಳದೆ ಬಂದದ್ದಕ್ಕೆ ಮಾತೇ ಬಿಟ್ಟಿದ್ದವರು. ಎದೆ ಸ್ವಲ್ಪ ವಾಸಿಯಾಗಿ ಕೆಲಸಕ್ಕೆ ಹೋಗುತ್ತಿರಬೇಕು. ನೀವು ಹೇಳಿದ ಹಾಗೆ ಜನ ಮರೆತರು ಅನ್ನಿಸುತ್ತದೆ.

ಖುರ್ಷಿದ್


ಗೌರಿಬಿದನೂರು
19-12-1990

ಪ್ರೀತಿಯ ಖುರ್ಷಿದ್,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ, ಅಡ್ಡ ಬಂದ ಮಗುವಿನ ಭಾಗವೊಂದನ್ನು ಬಿಟ್ಟು. ಗಣಿತದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

ಅಪ್ಪ ಎಂದರೆ ಅಪ್ಪನೇ. ಒಳಗೊಳಗೇ ಹೆಮ್ಮೆ ಇದ್ದೇ ಇರುತ್ತದೆ. ಮನಿಯಾರ್ಡರಿಗೆ ಉತ್ತರವಾಗಿ ಎರಡು ಸಾಲು ಬರೆ, ಬಾನು ಓದಿ ಹೇಳಲಿ.

ಶ್ಯಾಮಲಮ್ಮ


ಚಿಕ್ಕಬಳ್ಳಾಪುರ
22-4-1991

ಪೂಜ್ಯ ಟೀಚರ್ ಅವರಿಗೆ,

ರಂಜಾನಿಗೆ ಎರಡು ದಿನ ರಜೆ ಕೊಟ್ಟಿದ್ದರು, ಮನೆಗೆ ಹೋಗಿ ಬಂದೆ. ಅಬ್ಬಾ ಇನ್ನೂ ಮಲಗಿಯೇ ಇದ್ದಾರೆ. ಹಾಗಾದರೆ ಹಣ ಎಲ್ಲಿಂದ ಎಂದು ಅಮ್ಮಿಯನ್ನು ಕೇಳಿದೆ. "ಓದೋ ಹುಡುಗಿಗೆ ಯಾಕಮ್ಮ ಆ ಚಿಂತೆ, ಸೇವಿಗೆ ತಿನ್ನು" ಎಂದಳು. ಬಾನು ಹಬ್ಬಕ್ಕೂ ಬಂದಿರಲಿಲ್ಲ. ಅವಳನ್ನು ಚಿಂತಾಮಣಿಗೆ, ಖಾಲಾ ಮನೆಗೆ ಕಳಿಸಿದ್ದಾರಂತೆ. ಅಲ್ಲಿಯ ಶಾಲೆ ಚೆನ್ನಾಗಿದೆಯಂತೆ, ಎಂಟನೇ ಕ್ಲಾಸಿನ ಪರೀಕ್ಷೆ ಇದೆಯಂತೆ. ಅವಳ ಟ್ರಂಕಿಗೆ ಬೀಗವಿರಲಿಲ್ಲ. ಅಮ್ಮಿ ಅದರಲ್ಲಿ ಅಕ್ಕಿ ತುಂಬಿಟ್ಟಿದ್ದಾಳೆ.

ಖಾಲಾ ಮನೆಗೆ ಕಾಗದ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಖುರ್ಷಿದ್


ಗೌರಿಬಿದನೂರು
10-5-1991

ಪ್ರೀತಿಯ ಖುರ್ಷಿದ್,

ಬಾನುವನ್ನು ಊರು ಬಿಟ್ಟು ಓದಲು ಕಳಿಸಿದ್ದಾರೆಂದರೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ನಿನ್ನನ್ನು ನೋಡಿ ನಿಮ್ಮ ಮನೆಯವರ ಕಣ್ಣು ತೆರೆದಿದೆ. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದ ಹಾಗಾಯಿತು. ಪರೀಕ್ಷೆಯ ಗಡಿಬಿಡಿಯಲ್ಲಿ ಮಕ್ಕಳು ಕಾಗದ ಬರೆಯುವುದಿಲ್ಲ, ನನಗೆ ಗೊತ್ತಿಲ್ಲವೇ? ನೀನು ಓದಿನ ಕಡೆ ಗಮನ ಕೊಡು.

ಶ್ಯಾಮಲಮ್ಮ


ಮೇಲೂರು
3-8-1992

ಟೀಚರ್ ಅವರಿಗೆ,

ನಿಮ್ಮ ಮೂರು ಕಾಗದಗಳೂ ಸುತ್ತಿ ಸುತ್ತಿ ನನಗೆ ತಲುಪಿದವು. ತರಬೇತಿ ಮುಗಿದು ಇಲ್ಲಿಯ ಆರೋಗ್ಯ ಉಪಕೇಂದ್ರಕ್ಕೆ ನೇಮಕವಾಗಿದೆ. ಮೂರು ತಿಂಗಳ ಸಂಬಳ ಒಟ್ಟಿಗೆ ಬಂತು, ನಾಲ್ಕು ಸಾವಿರದ ಚಿಲ್ಲರೆ. ಅದು ಕೈಗೆ ಬಂದ ಮೇಲೆ ಒಂದು ಕೆಲಸ ಮುಗಿಸಿ ನಿಮಗೆ ಬರೆಯೋಣವೆಂದಿದ್ದೆ.

ತರಬೇತಿ ಮುಗಿಸಿ ಮನೆಗೆ ಬಂದ ದಿನ ಅಮ್ಮಿ ಎಲ್ಲ ಹೇಳಿದಳು. ನಾನು ಚಿಂತಾಮಣಿ ಬಿಟ್ಟ ಮೇಲೆ ಅಲ್ಲಿಯ ಕಾಂಪೌಂಡರ್ ಒಂದು ಸಲ ಮನೆಗೆ ಬಂದು ಹುಡುಗಿ ಎಲ್ಲಿ ಎಂದು ಕೇಳಿ ಹೋಗಿದ್ದನಂತೆ. ಬೈಯಲೂ ಇಲ್ಲ, ಹೆದರಿಸಲೂ ಇಲ್ಲ. ನನ್ನ ಬದಲಿಗೆ ಇನ್ನೊಬ್ಬರನ್ನು ಕಳಿಸಿ ಎಂದು ಡಾಕ್ಟರು ಕೇಳಿರಲಿಲ್ಲ. ಆದರೆ ಅಬ್ಬಾಗೆ ಗೊತ್ತಿರುವುದು ಒಂದೇ ಪದ್ಧತಿ. ಮುಂಗಡ ತಿಂದು ಓಡಿಹೋದವರ ಮನೆ ಎನ್ನಿಸಿಕೊಳ್ಳಬಾರದೆಂದು ಬಾನುವನ್ನು ತಾವೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ನನ್ನ ಬದಲಿಗೆ ಅಲ್ಲಿ ಬಿಟ್ಟು ಬಂದರು. ಎಂಟನೇ ಕ್ಲಾಸಿನ ನಡುವೆ. ಡಾಕ್ಟರು ಬೇಡವೆನ್ನಲಿಲ್ಲ. ನನಗೆ ತಿಂಗಳು ತಿಂಗಳು ಕಳಿಸಲು ಅಬ್ಬಾ ಅವಳ ಮೇಲೆ ಇನ್ನೆರಡು ಸಾವಿರ ತಂದರು. ಚಿಕ್ಕಬಳ್ಳಾಪುರದಲ್ಲಿ ನಾನು ಉಂಡದ್ದು ಆ ಹಣ.

ಹೋದ ಭಾನುವಾರ ನಾಲ್ಕು ಸಾವಿರ ತೆಗೆದುಕೊಂಡು ಚಿಂತಾಮಣಿಗೆ ಹೋದೆ. ಡಾಕ್ಟರು ಎದ್ದು ನಿಂತು ಮಾತಾಡಿಸಿದರು. "ಸರ್ಕಾರಿ ಕೆಲಸ ಆಯ್ತಂತೆ, ಸಂತೋಷ ಕಣಮ್ಮ. ದುಡ್ಡು ಕೊಡ್ತೀನಿ ಅಂದ್ರೆ ಕೊಡು, ನಂದೇನೂ ಅಭ್ಯಂತರ ಇಲ್ಲ. ಅವಳನ್ನ ಒಂದ್ಮಾತು ಕೇಳು" ಎಂದರು.

ಬಾನು ವಾರ್ಡಿನಲ್ಲಿ ಡ್ರಿಪ್ ಬಾಟಲಿ ಬದಲಾಯಿಸುತ್ತಿದ್ದಳು. ನಾನು ಬಿಟ್ಟು ಬಂದ ಬಿಳಿ ಬಟ್ಟೆಯನ್ನೇ ಎರಡು ಕಡೆ ಹಿಡಿದು ಹೊಲಿದು ಹಾಕಿಕೊಂಡಿದ್ದಳು. ಹದಿನೈದು ವರ್ಷಕ್ಕೆ ನನಗಿಂತ ಎತ್ತರವಾಗಿದ್ದಾಳೆ. ನನ್ನ ಕೈ ಹಿಡಿದು ಅಂಗೈ ಉಜ್ಜಿ ನೋಡಿ, "ಮೆತ್ತಗಾಗ್ಬಿಟ್ಟಿದೆಯಲ್ಲ ಆಪಾ! ಸರ್ಕಾರದೋರು ನೆಲ ಒರೆಸ್ಸಲ್ವಾ?" ಎಂದು ನಕ್ಕಳು.

ಹಣ ತಂದಿದ್ದೇನೆ, ಮನೆಗೆ ಹೋಗೋಣ, ಮತ್ತೆ ಶಾಲೆಗೆ ಸೇರಿಸುತ್ತೇನೆ ಎಂದೆ. ಅವಳ ಮುಖ ಸಪ್ಪಗಾಯಿತು. ಸುತ್ತ ನೋಡಿ, ನನ್ನನ್ನು ಮೆಟ್ಟಿಲ ಕೆಳಗೆ ಎಳೆದುಕೊಂಡು ಹೋದಳು.

"ದುಡ್ಡು ಕಟ್ಬಿಟ್ಯಾ?"

"ಇನ್ನೂ ಇಲ್ಲ."

"ಅಲ್ಲಾ, ಬದುಕಿದೆ. ಕಟ್ಬೇಡ ಆಪಾ. ನಿನ್ನ ಕಾಲಿಗೆ ಬೀಳ್ತೀನಿ. ಮುಂಗಡ ಇರೋರನ್ನ ಯಾರೂ ಕೆಲಸದಿಂದ ತೆಗೆಯಲ್ಲ. ಅದು ತೀರಿಹೋದ್ರೆ ನಾಳೆನೇ ಬೇರೆ ಹುಡುಗಿ ತರ್ತಾರೆ. ಅಬ್ಬಾ ಮುಂಗಡ ತೀರಿದ ಮೇಲೆ ಸಾದಿಕ್ ಪಾಷಾ ಮತ್ತೆ ಕರೆದ್ರಾ? ನೀನೇ ಹೇಳು."

"ನೀನು ಓದ್ಬೇಕು ಬಾನು."

"ಎಂಟನೇ ಕ್ಲಾಸಲ್ಲಿ ಆ ಪುಟಾಣಿಗಳ ಜೊತೆ ಕೂತ್ಕೊಳ್ಲಾ? ನಂಗೆ ಇಲ್ಲಿ ಎಲ್ಲಾರೂ ಸಿಸ್ಟರ್ ಅಂತಾರೆ. ಮಗು ಕೈಯಲ್ಲೂ ಒಂದೇ ಸಲಕ್ಕೆ ನರ ಹಿಡೀತೀನಿ. ಓದಿದೋರು ಬೇರೆ ಥರ ಹಿಡೀತಾರಾ?"

ಅವಳ ಬೆರಳು ನಿಜವಾಗಿಯೂ ಸಣ್ಣಗಿವೆ. ಯಾರೋ ಮೇಲಿನಿಂದ "ಸಿಸ್ಟರ್" ಎಂದು ಕೂಗಿದರು. ಇಬ್ಬರೂ ಒಟ್ಟಿಗೆ ತಿರುಗಿದೆವು. ಅವಳು ಓಡಿದಳು.

ನಾನು ಹಣ ಕಟ್ಟದೆ ಬಂದೆ. ಕಟ್ಟಿದ್ದರೆ ಅವಳು ನನ್ನನ್ನು ಕ್ಷಮಿಸುತ್ತಿರಲಿಲ್ಲ. ಕಟ್ಟದ್ದಕ್ಕೆ ನಾನು ನನ್ನನ್ನು ಕ್ಷಮಿಸಲಾರೆ. ಮನೆಯಲ್ಲಿ ಅಬ್ಬಾಗೆ ಹೇಳಿದಾಗ, "ನೋಡ್ದ್ಯಾ, ಚಿಕ್ಕೋಳಿಗೆ ಬುದ್ಧಿ ಜಾಸ್ತಿ" ಎಂದರು. ಅವರ ಕಣ್ಣಿನಲ್ಲಿ ನೀರಿತ್ತು, ಹೆಮ್ಮೆಯೂ ಇತ್ತು.

ವಕೀಲರು ಹೇಳಿದ್ದು ಸರಿ ಟೀಚರ್. ಅಂಕಪಟ್ಟಿಯ ನಕಲು ಸಿಗುತ್ತದೆಂದು ನೀವು ಹೇಳಿದ್ದೂ ಸರಿ, ಸಂಬಳದ ಲೆಕ್ಕವೂ ಸರಿ. ನೀವು ಹೇಳಿದ್ದರಲ್ಲಿ ತಪ್ಪು ಹುಡುಕಿ ಹುಡುಕಿ ಸಾಕಾಗಿದೆ, ಒಂದೂ ಸಿಗಲಿಲ್ಲ. ನಿಮ್ಮ ಮೇಲೆ ನನಗೆ ಕೋಪವಿಲ್ಲ.

ಒಂದೇ ಒಂದು ಕೇಳುತ್ತೇನೆ. ಇನ್ನು ಕೆಲವು ಕಾಲ ನನಗೆ ಬರೆಯಬೇಡಿ. ನಿಮ್ಮ ಅಕ್ಷರ ಕಂಡ ತಕ್ಷಣ ಇನ್ನೂ ಏನಾದರೂ ದಾರಿ ಇರಬಹುದು ಎಂದು ಅನ್ನಿಸಿಬಿಡುತ್ತದೆ.

ಖುರ್ಷಿದ್